ಮೂರನೆಯ ಮಡಿಕೆ

ದಿನಕ್ಕೆ ಎರಡು ಸಾವಿರ ಫಾರ್ಮು ಮಡಚುತ್ತಿದ್ದಳು ದಾವಲಬಿ,
ಗದಗಿನ ಸ್ಟೇಶನ್ ರೋಡಿನ ಹಿಂದಿನ ಓಣಿಯ ಪ್ರೆಸ್ಸಿನಲ್ಲಿ,
ಸವೆದ ಎಲುಬಿನ ಪಟ್ಟಿಯೊಂದನ್ನು
ಹೆಬ್ಬೆರಳಿಗೆ ಒತ್ತಿ ಹಿಡಿದು.
ಒಂದು ಹಾಳೆ, ಮೂರು ಮಡಿಕೆ, ಹದಿನಾರು ಪುಟ.
ಬಿಚ್ಚಿ ಹಾಸಿದರೆ ಹುಚ್ಚರ ಸಂತೆ:
ಒಂದರ ಪಕ್ಕ ಹದಿನಾರು,
ನಾಲ್ಕರ ಮಗ್ಗುಲಿಗೆ ಹದಿಮೂರು,
ಐದೂ ಎಂಟೂ ತಲೆಕೆಳಗು.
ಮಡಚಿದರೆ ಮಾತ್ರ ಪುಸ್ತಕ.

ಓದು ಬಾರದವಳು. ಅಂಕಿ ಗೊತ್ತು, ಅಷ್ಟೇ.
ತಪ್ಪು ಮಡಿಕೆಯ ಸಪ್ಪಳವೇ ಬೇರೆ ಅನ್ನುತ್ತಿದ್ದಳು.
ಕಟಿಂಗ್ ಮಶೀನಿನ ಮುಂದೆ ನಿಂತ ನನಗೆ
ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ
ಆ ಸಪ್ಪಳ ಕೇಳಿಸಲಿಲ್ಲ.

ಮೊದಲು ಹೋದದ್ದು ಚಹಾದ ಲೆಕ್ಕ.
ಆಮೇಲೆ ಕೀಲಿ.
ಆಮೇಲೆ ಮಂಗಳವಾರ.
ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ
ಚಪಾತಿಯನ್ನು ಮೂರು ಸಲ ಮಡಚಿ, ಪಟ್ಟಿಯಿಂದ ತೀಡಿ,
ಫಾರ್ಮಿನ ಗಂಟಿನ ಮೇಲಿಟ್ಟಳು.
ನಾವು ನಕ್ಕೆವು.
ಅವಳೂ ನಕ್ಕಳು, ತುಸು ತಡವಾಗಿ.

ಹುಬ್ಬಳ್ಳಿಯ ದವಾಖಾನೆಯ ಡಾಕ್ಟರು ಇನ್ನೂ ಹುಡುಗಿ.
ಫಿಲ್ಮನ್ನು ಬೆಳಕಿಗೆ ಹಿಡಿದು ನಿಧಾನ ಹೇಳಿದಳು:
ಮಿದುಳಿನ ಒಂದೊಂದು ಕೋಶವೂ ಪ್ರೋಟೀನ್ ನೂಲುತ್ತದೆ,
ಬರೀ ದಾರವಾಗಿದ್ದರೆ ಕೆಲಸಕ್ಕೆ ಬಾರದು,
ಮಡಚಿಕೊಳ್ಳಬೇಕು, ತನ್ನದೇ ಲೆಕ್ಕದಲ್ಲಿ.
ತಪ್ಪಿ ಮಡಚಿದ್ದು ತೆಪ್ಪಗೆ ಕೂಡುವುದಿಲ್ಲ,
ಮಗ್ಗುಲಿನದನ್ನೂ ತನ್ನ ಹಾಗೇ ಮಡಚುತ್ತದೆ.

“ಅಕ್ಷರ ಸರಿ ಇರ್ತಾವೇನ್ರಿ ಅದರಾಗ?”
“ಅಂದ್ರ?”
“ಛಾಪು ಸರಿ, ಮಡಿಕಿ ಅಷ್ಟ ತಪ್ಪು?”
ಆಕೆ ಪೆನ್ನು ಕೆಳಗಿಟ್ಟಳು.
“ಭಾಳ ಸಲ ಹಂಗ.”

ನನಗದು ಗೊತ್ತಿದ್ದ ವಿಷಯ.
ಏಳನೆಯ ಇಯತ್ತೆಯ ಗಣಿತದ ಗೈಡು, ಜೂನ್ ತಿಂಗಳು,
ದಾವಲಬಿ ತಂಗಿಯ ಬಾಣಂತನಕ್ಕೆ ಮುಳಗುಂದಕ್ಕೆ ಹೋಗಿದ್ದಳು.
ಹೊಸ ಹುಡುಗಿ ಎರಡನೆಯ ಮಡಿಕೆಯನ್ನು ತಿರುವಿ ಹಾಕಿದಳು,
ಅದನ್ನೇ ಮಾದರಿಯೆಂದು ನಡುವಿಟ್ಟುಕೊಂಡು
ನಾಲ್ವರು ಮಡಚಿದರು.
ಸಂಜೆಗೆ ಮೂರು ಸಾವಿರ.
ಸಾದಾ ಬಡ್ಡಿಯ ನಡುವೆ ತ್ರಿಕೋನ ಬಂದು ನಿಂತಿತ್ತು.
ರದ್ದಿಯವನ ಗಾಡಿಯ ಗಾಲಿ ಮುರಿದದ್ದೂ ಅದೇ ವಾರ.
ಕೆಟ್ಟದ್ದರ ರಾಶಿ ಬಾಗಿಲಿಗೆ ಬಂತು,
ಕಾಲಿಡಲು ಜಾಗವಿಲ್ಲ,
ಒಳ್ಳೆಯ ಹಾಳೆಗಳೂ ಅದರ ಅಡಿ ಸಿಕ್ಕು ಮುದುಡಿದವು.

“ಕೋಶದಾಗೂ ರದ್ದಿಯವ ಇರ್ತಾನ,” ಅಂದಳು ಡಾಕ್ಟರು,
“ವಯಸ್ಸಾದಂಗ ಅವನೂ ದಣೀತಾನ.”

“ಬಿಚ್ಚಿ ಮತ್ತ ಮಡಚಾಕ...?”
ಅವತ್ತು ನಾವು ಬಿಚ್ಚಿದ್ದೆವು, ಮೂರು ಸಾವಿರವನ್ನೂ,
ದಾವಲಬಿ ಊರಿಂದ ಬಂದವಳು ಚಪ್ಪಲಿಯನ್ನೂ ಸರಿಯಾಗಿ ಬಿಡದೆ
ಕೂತು ಮಡಚಿದ್ದಳು.
ಹಳೆಯ ಗೆರೆ ಉಳಿದಿದ್ದವು, ಆದರೂ ಗೈಡು ಮಾರಿ ಹೋದವು.
ಡಾಕ್ಟರು ಫಿಲ್ಮನ್ನು ಲಕೋಟೆಗೆ ಹಾಕಿದಳು.
“ಸದ್ಯಕ್ಕಿಲ್ಲರಿ.”
ಆ ‘ಸದ್ಯಕ್ಕೆ’ ಹಿಡಿದುಕೊಂಡು
ಅಣ್ಣಿಗೇರಿ ದಾಟುವ ತನಕ ಬಸ್ಸಿನಲ್ಲಿ ಕೂತೆ.
ಅವಳು ಟಿಕೇಟನ್ನು ಮಡಚುತ್ತಿದ್ದಳು.

ಈಗ ಬೆಟಗೇರಿಯಲ್ಲಿ, ತಂಗಿಯ ಮನೆಯಲ್ಲಿ.
ಶನಿವಾರ ನಾನು ಕೆಟ್ಟ ಛಾಪಿನ ಹಾಳೆ ಒಯ್ಯುತ್ತೇನೆ.
ನನ್ನನ್ನು ಮಾಲೀಕ ಎಂದು ತಿಳಿದು
ಬಾಕಿ ಪಗಾರ ಕೇಳುತ್ತಾಳೆ, ಬಿಡುವುದಿಲ್ಲ.
ಹತ್ತರ ನೋಟು ಕೊಡುತ್ತೇನೆ.
ಅದನ್ನೂ ಮೂರು ಮಡಿಕೆ ಮಾಡಿ ಕುಪ್ಪಸದಲ್ಲಿಟ್ಟು
ಕೆಲಸಕ್ಕೆ ಕೂಡುತ್ತಾಳೆ.

ಮನೆಗೆ ತಂದು ಅಂಚು ಕತ್ತರಿಸಿ ನೋಡುತ್ತೇನೆ:
ಒಂದು, ಎರಡು, ಮೂರು, ಹದಿನಾರರ ತನಕ.
ಒಂದೂ ಆಚೀಚೆ ಇಲ್ಲ.
ತಲೆಯೊಳಗೆ ಸಾವಿರ ಸಾವಿರ ತಪ್ಪು ಮಡಿಕೆ ಗುಡ್ಡೆ ಬಿದ್ದಾಗಲೂ
ಬೆರಳಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಕಳೆದ ಶನಿವಾರ ಮೂರನೆಯ ಮಡಿಕೆಗೆ
ಕೈ ನಿಂತಿತು.
ಹಾಳೆ ಅರ್ಧ ಬಾಗಿ, ಪಟ್ಟಿ ಮೇಲೆದ್ದು,
ಹೊರಗೆ ಮಗ್ಗವೊಂದು ಬಡಿಯುತ್ತಿತ್ತು.
ಆಮೇಲೆ ಹಾಳೆಯನ್ನು ಎಡಕ್ಕೆ ಮಡಚಿ, ಬಲವಾಗಿ ತೀಡಿ,
ನನ್ನ ಮುಖ ನೋಡಿದಳು.
“ಕೇಳಿತೇನ?”

“ಹ್ಞೂಂ,” ಅಂದೆ.
“ಕೇಳಿತವಾ.”